ಮುಳುಗಿದ ಹಡಗಿನ ಸುತ್ತ ನೆರೆಯುವ ಮೀನುಗಳು

ಸಮುದ್ರದ ತಳವೆಂದೊಡನೆ ಹವಳದ ದಿಬ್ಬಗಳೂ ಬಣ್ಣಬಣ್ಣದ ಮೀನುಗಳೂ ಕಣ್ಣ ಮುಂದೆ ಬರುವುದು ಸಹಜ. ಚಿತ್ರಪುಸ್ತಕಗಳು ಹಾಗೂ ಚಲಚ್ಚಿತ್ರಗಳು ನಮ್ಮಲ್ಲಿ ಬಿತ್ತಿರುವ ಈ ಕಲ್ಪನೆಯು ಕನ್ನಡನಾಡಿನ ಕಡಲಿಗೆ ಬಹುಮಟ್ಟಿಗೆ ಹೊಂದುವುದಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ದಂಡೆಗೆ ಹೊಂದಿಕೊಂಡಿರುವ ಸಮುದ್ರತಳವು ಹೆಚ್ಚಾಗಿ ಕೆಸರಿನದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಪ್ರತಿ ಮಳೆಗಾಲದಲ್ಲಿಯೂ ಹೊತ್ತು ತಂದ ನುಣ್ಣನೆಯ ಮಣ್ಣು ಅಲ್ಲಿ ಹರಡಿಕೊಂಡಿದೆ. ನಡುಗಡ್ಡೆಗಳ ಬುಡದಲ್ಲಿ ಮಾತ್ರ ಗಟ್ಟಿಯಾದ ಬಂಡೆ ಸಿಗುತ್ತದೆ. ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ಸುಮಾರು ೧೦ ನಾವಿಕ ಮೈಲಿ ದೂರದಲ್ಲಿರುವ ನೇತ್ರಾಣಿ ನಡುಗಡ್ಡೆಯ ಸುತ್ತ ಹವಳಗಳೂ ಹವಳದ ಬಂಡೆಗಳನ್ನು ಆಶ್ರಯಿಸುವ ಮೀನುಗಳೂ ಇರುವುದು ಈ ಕಾರಣದಿಂದಲೇ ವಿಶೇಷವೆನಿಸಿದೆ.

ಹೀಗೆ ಆಸರೆಯೇ ಇಲ್ಲದ ಕೆಸರಿನ ಬಯಲಿನಲ್ಲಿ ಒಂದು ಉಕ್ಕಿನ ಹಡಗು ಹೋಗಿ ಕುಳಿತರೆ, ಕೆಲವೇ ತಿಂಗಳುಗಳಲ್ಲಿ ಅದರ ಸುತ್ತ ಮೀನುಗಳು ನೆರೆಯುತ್ತವೆ. ಇದರಲ್ಲಿ ಯಾರಿಗೂ ಸಂದೇಹವಿಲ್ಲ. ಗಾಳ ಹಾಕುವ ಮೀನುಗಾರರು ಇದನ್ನು ವಿಜ್ಞಾನಿಗಳಿಗಿಂತ ಬಹಳ ಮೊದಲೇ ಅರಿತಿದ್ದರು. ವಿವಾದವಿರುವುದು ಮುಂದಿನ ಪ್ರಶ್ನೆಯಲ್ಲಿ. ಆ ಮೀನುಗಳು ಹಡಗಿನ ಆಸರೆಯಿಂದ ಹೊಸದಾಗಿ ಹುಟ್ಟಿ ಬೆಳೆದವುಗಳೋ, ಅಥವಾ ಬೇರೆಡೆ ಬೆಳೆದು ಇಲ್ಲಿಗೆ ಬಂದು ಸೇರಿದವುಗಳೋ? ಮೊದಲನೆಯದು ನಿಜವಾದರೆ ಕಡಲಿನ ಸಂಪತ್ತು ಹೆಚ್ಚಿತೆಂದು ಅರ್ಥ. ಎರಡನೆಯದು ನಿಜವಾದರೆ ಹತ್ತು ಕಡೆ ಚದುರಿದ್ದ ಮೀನು ಒಂದೆಡೆ ಕೂಡಿ, ಹಿಡಿಯುವವನ ಕೈಗೆ ಸುಲಭವಾಯಿತೆಂದಷ್ಟೇ ಅರ್ಥ. ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕರಾವಳಿಯ ರಾಜ್ಯಗಳ ಸಮುದ್ರತಳಕ್ಕೆ ಕಾಂಕ್ರೀಟಿನ ಕೃತಕ ಬಂಡೆಗಳನ್ನು ಇಳಿಸುವ ಕಾರ್ಯವೂ ಸೇರಿರುವುದರಿಂದ, ಈ ಪ್ರಶ್ನೆಯು ಪಂಡಿತರ ಕುತೂಹಲವನ್ನು ದಾಟಿ ಸಾರ್ವಜನಿಕ ಹಣದ ಹಾಗೂ ಬಡ ಮೀನುಗಾರನ ಹೊಟ್ಟೆಪಾಡಿನ ಪ್ರಶ್ನೆಯಾಗಿದೆ.

ದುಂಡಸಿಯ ಸುತ್ತಮುತ್ತಲಿನ ಶಿಗ್ಗಾಂವಿ, ಹಾನಗಲ್ಲ, ಸವಣೂರ, ಹಿರೇಕೆರೂರ ತಾಲೂಕುಗಳಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೆ ಈ ವಿಷಯ ದೂರದ್ದೆಂದು ತೋರಬಹುದು. ಆದರೆ ಕೆರೆಗಳ ಸೀಮೆಯವರಾದ ಅವರು ಇದರ ಚಿಕ್ಕ ರೂಪವನ್ನು ಕಂಡೇ ಇರುತ್ತಾರೆ. ಕೆರೆ ತುಂಬಿದಾಗ ಅದರ ಅಂಗಳದಲ್ಲಿ ಬೆಳೆದ ಜಾಲಿಯ ಗಿಡ ನೀರಿನೊಳಗಾಗುತ್ತದೆ. ಗಾಳ ಹಾಕುವವನು ಬಯಲು ನೀರನ್ನು ಬಿಟ್ಟು ಆ ಗಿಡದ ಮಗ್ಗುಲಲ್ಲಿಯೇ ಕೂಡುತ್ತಾನೆ. ಕೊರವ ಮೀನು ಅಲ್ಲಿ ಹೊಂಚು ಹಾಕಿರುತ್ತದೆಂದು ಅವನು ಬಲ್ಲ. ಆ ಗಿಡದಿಂದ ಕೆರೆಯ ಮೀನು ಹೆಚ್ಚಾಯಿತೇ ಎಂದು ಕೇಳಿದರೆ ಅವನು ನಕ್ಕಾನು. ಕೆರೆಯ ಮೀನು ಕೆರೆಯದೇ. ಗಿಡವು ಹುಡುಕುವ ಶ್ರಮವನ್ನು ಕಡಮೆ ಮಾಡಿತು, ಅಷ್ಟೆ. ಸಮುದ್ರದಲ್ಲಿ ಉತ್ತರ ಇಷ್ಟು ಸುಲಭವಲ್ಲ. ಕೆರೆಗೆ ಏರಿಯುಂಟು, ಕೋಡಿಯುಂಟು. ಒಳಗಿನ ಲೆಕ್ಕ ಒಳಗೇ ಮುಗಿಯುತ್ತದೆ. ಕಡಲಿನಲ್ಲಿಯಾದರೋ ಮೊಟ್ಟೆಯೊಡೆದ ಮರಿಗಳು ಪ್ರವಾಹದೊಡನೆ ಹತ್ತಾರು ಮೈಲಿ ತೇಲಿ, ಇಳಿದು ನಿಲ್ಲಲು ತಾವು ಸಿಕ್ಕರೆ ಬದುಕುತ್ತವೆ, ಸಿಗದಿದ್ದರೆ ನಾಶವಾಗುತ್ತವೆ. ತಾವಿನ ಅಭಾವವೇ ಮೀನಿನ ಸಂಖ್ಯೆಯನ್ನು ತಡೆದಿರುವ ಕಡೆಯಲ್ಲಿ ಹೊಸ ಆಸರೆಯು ನಿಜವಾಗಿಯೂ ಹೊಸ ಮೀನನ್ನು ಕೊಡಬಲ್ಲುದು.

ಕರ್ನಾಟಕದ ಕಡಲಿನಲ್ಲಿ ಹಡಗುಗಳು ಮುಳುಗಿದ ನಿದರ್ಶನಗಳು ಇತ್ತೀಚಿನ ವರ್ಷಗಳಲ್ಲಿಯೇ ಹಲವಿವೆ. ೨೦೦೭ರ ಜೂನ್ ತಿಂಗಳಿನಲ್ಲಿ ಎರಿತ್ರಿಯಾ ದೇಶದ ಡೆನ್ ಡೆನ್ ಎಂಬ ಹಡಗು ಮಂಗಳೂರಿನ ಸಮೀಪ ಮುಳುಗಿತು. ೨೦೦೯ರ ಜುಲೈಯಲ್ಲಿ ಕಬ್ಬಿಣದ ಅದಿರಿನ ಪುಡಿಯನ್ನು ಹೇರಿಕೊಂಡು ಮಂಗಳೂರಿನಿಂದ ಹೊರಟ ಏಷಿಯನ್ ಫಾರೆಸ್ಟ್ ಅದೇ ಗತಿಯನ್ನು ಕಂಡಿತು. ಒದ್ದೆಯಾದ ಅದಿರಿನ ಪುಡಿ ಹಡಗಿನ ಕುಲುಕಾಟಕ್ಕೆ ರಾಡಿಯಂತಾಗಿ ಒಂದು ಮಗ್ಗುಲಿಗೆ ಜರಿಯುವುದು ಮಳೆಗಾಲದ ಇಂತಹ ಅಪಘಾತಗಳಿಗೆ ಕಾರಣವೆಂದು ಪ್ರಸಿದ್ಧವಾಗಿದೆ. ೨೦೨೨ರ ಜೂನಿನಲ್ಲಿ ಉಳ್ಳಾಲದ ಕಡಲಿನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಕ್ಕಿನ ಸುರುಳಿಗಳ ಭಾರದೊಡನೆ ಮುಳುಗಿತು. ಅದರಲ್ಲಿದ್ದ ೧೫ ಮಂದಿ ಸಿರಿಯಾ ದೇಶೀಯರನ್ನು ತಟರಕ್ಷಣಾ ದಳದವರು ಉಳಿಸಿದರು. ಎಲ್ಲ ಸಂದರ್ಭಗಳಲ್ಲಿಯೂ ಹೀಗಾಗಲಿಲ್ಲ. ೨೦೧೮ರ ಡಿಸೆಂಬರಿನಲ್ಲಿ ಏಳು ಮಂದಿ ಮೀನುಗಾರರೊಡನೆ ಮಲ್ಪೆಯಿಂದ ಹೊರಟು ಕಣ್ಮರೆಯಾದ ಸುವರ್ಣ ತ್ರಿಭುಜ ದೋಣಿಯ ಅವಶೇಷವನ್ನು ೨೦೧೯ರ ಮೇ ತಿಂಗಳಿನಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲವಣದ ಕಡಲಿನಲ್ಲಿ, ಸುಮಾರು ೬೦ ಮೀಟರ್ ಆಳದಲ್ಲಿ, ಪತ್ತೆಮಾಡಿತು. ಮುಳುಗಿದ ಹಡಗನ್ನು ಮೀನಿನ ಮನೆಯೆಂದು ವರ್ಣಿಸುವ ಮೊದಲು, ಅದು ಕೆಲವರ ಪಾಲಿಗೆ ಸಮಾಧಿಯೂ ಆಗಿರುವುದೆಂಬುದನ್ನು ನೆನೆಯಬೇಕಾಗುತ್ತದೆ.

ಮುಳುಗುಗಾರರಿಗೆ ಪರಿಚಿತವಾದ ಭಗ್ನನೌಕೆಗಳಲ್ಲಿ ನಮಗೆ ಹತ್ತಿರದ್ದು ಗೋವೆಯಲ್ಲಿದೆ. ಕಾರವಾರದಿಂದ ಉತ್ತರಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರುಗಳ ಅಂತರದಲ್ಲಿ, ಮುರಗಾಂವ ಬಂದರದ ಹೊರಗಿನ ಗ್ರಾಂಡೆ ನಡುಗಡ್ಡೆಯ ಬಳಿ, ಅವರು ಸೂಝಿಯ ಹಡಗೆಂದು ಕರೆಯುವ ಅವಶೇಷವು ಹದಿನೈದು ಮೀಟರಿನೊಳಗಿನ ಆಳದಲ್ಲಿ ಬಿದ್ದುಕೊಂಡಿದೆ. ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ ಅಲ್ಲಿ ಇಳಿದವರಿಗೆ ತಗಡುಗಳ ಸಂದಿಯಲ್ಲಿ ಮುರು ಮೀನುಗಳೂ, ಅವುಗಳ ಮೇಲುಗಡೆ ಗುಂಪುಕಟ್ಟಿ ನಿಂತ ಸ್ನ್ಯಾಪರ್ ಮೀನುಗಳೂ, ವಿಷದ ಮುಳ್ಳುಗಳನ್ನು ಹರಡಿಕೊಂಡ ಸಿಂಹಮೀನೂ ಕಾಣಸಿಗುತ್ತವೆ. ಕೆಲವೇ ಗಜಗಳಾಚೆ ಬರಿಯ ಮರಳಿನ ಮೇಲೆ ಈಜಿ ನೋಡಿದರೆ ಇವುಗಳಲ್ಲಿ ಒಂದೂ ಇರುವುದಿಲ್ಲ.

ಈ ವ್ಯತ್ಯಾಸ ಹೇಗೆ ಉಂಟಾಗುತ್ತದೆ? ಉಕ್ಕಿನ ತಗಡು ನೀರಿಗೆ ಬಿದ್ದ ಕೆಲವು ಗಂಟೆಗಳಲ್ಲಿಯೇ ಅದರ ಮೇಲೆ ಸೂಕ್ಷ್ಮಾಣುಗಳ ಲೋಳೆಯೊಂದು ಕಟ್ಟಿಕೊಳ್ಳುತ್ತದೆ. ಡಯಾಟಮ್‌ಗಳು ಅದನ್ನು ಹಿಂಬಾಲಿಸುತ್ತವೆ. ವಾರಗಳು ಕಳೆಯುವಷ್ಟರಲ್ಲಿ ಬಾರ್ನಕಲ್‌ಗಳ ಮರಿಗಳು ಬಂದು ತಲೆಯನ್ನು ತಗಡಿಗೆ ಅಂಟಿಸಿಕೊಂಡು, ಉಳಿದ ಆಯುಷ್ಯವನ್ನು ಕಾಲುಗಳಿಂದ ಆಹಾರವನ್ನು ಬಾಚುತ್ತ ಕಳೆಯುತ್ತವೆ. ಅನಂತರ ಸಿಂಪಿಗಳು, ಪಚ್ಚಿಲೆಗಳು, ಸ್ಪಂಜುಗಳು, ಕೊಳವೆಹುಳುಗಳು, ಮೃದು ಹವಳಗಳು. ಒಂದರ ಚಿಪ್ಪಿನ ಮೇಲೆ ಇನ್ನೊಂದು ಕುಳಿತು ನುಣುಪಾದ ತಗಡು ಒರಟಾದ ಬಂಡೆಯಂತಾಗುತ್ತದೆ. ಸಂದುಗೊಂದುಗಳಲ್ಲಿ ಸಣ್ಣ ಸೀಗಡಿ, ಏಡಿ, ಹುಳುಗಳು ಸೇರಿಕೊಳ್ಳುತ್ತವೆ. ಈ ಜೀವಿಗಳಲ್ಲಿ ಬಹುಪಾಲು ನೀರಿನಲ್ಲಿ ತೇಲಿಬರುವ ಪ್ಲವಕಗಳನ್ನು ಸೋಸಿ ತಿನ್ನುವಂತಹವು. ಹರಿದುಹೋಗುತ್ತಿದ್ದ ಆಹಾರ ಹೀಗೆ ಒಂದೆಡೆ ನಿಂತು ಮಾಂಸವಾಗುತ್ತದೆ. ಇದು ಲಕ್ಷ್ಯದಲ್ಲಿಡಬೇಕಾದ ಅಂಶ. ಹಡಗಿನಿಂದ ಉತ್ಪತ್ತಿ ಹೆಚ್ಚುವುದೆಂಬ ವಾದಕ್ಕೆ ಮೊದಲ ಆಧಾರ ಇದೇ ಆಗಿದೆ.

ಮೀನುಗಳು ಮಾತ್ರ ಈ ಮೇಜವಾನಿ ಸಿದ್ಧವಾಗುವವರೆಗೆ ಕಾಯುವುದಿಲ್ಲ. ತಗಡು ಇನ್ನೂ ಬೋಳಾಗಿರುವಾಗಲೇ ಕೆಲವು ಬಂದುಬಿಡುತ್ತವೆ. ಆಹಾರವೊಂದೇ ಆಕರ್ಷಣೆಯಲ್ಲವೆಂಬುದು ಇದರಿಂದ ಸ್ಪಷ್ಟ. ದೊಡ್ಡ ಮೀನಿನ ಬಾಯಿಂದ ತಪ್ಪಿಸಿಕೊಳ್ಳಲು ಸಂದಿ ಬೇಕು. ಪ್ರವಾಹಕ್ಕೆ ಎದುರಾಗಿ ಸದಾ ಈಜುವುದಕ್ಕಿಂತ ಹಡಗಿನ ಮರೆಯಲ್ಲಿ ನಿಂತರೆ ಶಕ್ತಿ ಉಳಿಯುತ್ತದೆ. ಅಲ್ಲಿ ಸುಳಿಯುವ ನೀರು ಪ್ಲವಕವನ್ನು ಬಾಯ ಬಳಿಗೇ ತರುತ್ತದೆ. ವಿಶಾಲವಾದ ಬಯಲಿನಲ್ಲಿ ದಿಕ್ಕು ತಪ್ಪದಿರಲು ಒಂದು ಗುರುತೂ ಆಗುತ್ತದೆ. ಮರಿಗಳು ತಾವನ್ನು ಅರಸುವ ಬಗೆ ಇನ್ನೂ ಸ್ವಾರಸ್ಯವಾದದ್ದು. ಆಸ್ಟ್ರೇಲಿಯದ ಲಿಝರ್ಡ್ ನಡುಗಡ್ಡೆಯ ಬಳಿ ಸ್ಟೀವನ್ ಸಿಂಪ್ಸನ್ ಹಾಗೂ ಸಂಗಡಿಗರು ಸತ್ತ ಹವಳದ ಚಿಕ್ಕ ಗುಡ್ಡೆಗಳನ್ನು ಒಟ್ಟಿ, ಕೆಲವಕ್ಕೆ ಮಾತ್ರ ನೀರಿನೊಳಗಿನ ಧ್ವನಿವರ್ಧಕದ ಮೂಲಕ ಜೀವಂತ ಹವಳದಿಬ್ಬದ ಸದ್ದನ್ನು ಕೇಳಿಸಿದರು. ಸದ್ದಿದ್ದ ಗುಡ್ಡೆಗಳಿಗೆ ಹೆಚ್ಚು ಮರಿಗಳು ಬಂದು ನೆಲಸಿದುವೆಂದು ೨೦೦೫ರಲ್ಲಿ ಅವರು ಪ್ರಕಟಿಸಿದರು. ಸೀಗಡಿಗಳ ಚಿಟಿಕೆಯೂ ಮೀನುಗಳ ಗೊರಗೊರ ಸದ್ದೂ ಸೇರಿದ ಗದ್ದಲ ಅದು. ಜೀವಿಗಳು ತುಂಬಿದ ಹಳೆಯ ಹಡಗು ಇದೇ ರೀತಿಯಲ್ಲಿ ತನ್ನ ಇರವನ್ನು ತಾನೇ ಸಾರುತ್ತಿರಬಹುದು.

ನೆರೆದ ಮೀನುಗಳೆಲ್ಲವನ್ನೂ ಒಂದೇ ಗುಂಪಾಗಿ ಎಣಿಸುವುದರಿಂದಲೇ ಮೇಲಿನ ವಿವಾದ ಇಷ್ಟು ಕಾಲ ಬಗೆಹರಿಯದೆ ಉಳಿದಿದೆಯೆಂದು ನನ್ನ ಅಭಿಪ್ರಾಯ. ಸಂತೆಯಲ್ಲಿ ಕಂಡವರೆಲ್ಲರೂ ಆ ಊರಿನವರಲ್ಲ. ಹಡಗಿನ ಮಗ್ಗುಲಲ್ಲಿ ಕ್ಷಣಕಾಲ ಸುಳಿದುಹೋಗುವ ಬಂಗಡೆಯ ಹಿಂಡು ಎಲ್ಲಿಯದೂ ಅಲ್ಲ. ಅದನ್ನು ಅಟ್ಟಿಬರುವ ಬರಾಕುಡಾ ಮತ್ತು ಇಸ್ವಾಣಗಳೂ ಹಾಗೆಯೇ. ಇವುಗಳ ಪಾಲಿಗೆ ಹಡಗು ದಾರಿಯ ತಂಗುದಾಣ ಮಾತ್ರ. ಇದಕ್ಕೆ ವಿರುದ್ಧವಾಗಿ ಅಂಗೈಯಗಲದ ಡ್ಯಾಮ್ಸೆಲ್ ಮೀನುಗಳು ಮರಿಯಾಗಿ ಬಂದಿಳಿದ ಮೇಲೆ ಅಲ್ಲಿಯೇ ತಗಡಿಗೆ ಮೊಟ್ಟೆಗಳನ್ನು ಅಂಟಿಸಿ, ಕಾವಲು ಕಾದು, ಕೆಲವು ಗಜಗಳ ಸುತ್ತಳತೆಯಲ್ಲಿ ಜೀವಮಾನವನ್ನು ಮುಗಿಸುತ್ತವೆ. ಹಡಗಿಲ್ಲದಿದ್ದರೆ ಅಲ್ಲಿ ಅವು ಇರುತ್ತಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಇವೆರಡರ ನಡುವೆ ಇರುವ ಸ್ನ್ಯಾಪರ್‌ಗಳ ವೃತ್ತಾಂತ ಗಮನಾರ್ಹ. ಅವುಗಳಲ್ಲಿ ಲುಟ್ಜಾನಸ್ ಅರ್ಜೆಂಟಿಮ್ಯಾಕುಲೇಟಸ್ ಎಂಬ ಕೆಂಪು ಜಾತಿಯು ಕಡಲಿನಲ್ಲಿ ಹುಟ್ಟಿದರೂ ಬಾಲ್ಯವನ್ನು ಅಳಿವೆಗಳಲ್ಲಿ, ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಕಳೆಯುತ್ತದೆ. ಪ್ರಾಯಕ್ಕೆ ಬಂದ ಮೇಲೆ ಹೊರಗಡಲಿನ ಬಂಡೆಗಳಿಗೆ ಹೋಗುತ್ತದೆ. ಅಂತಹ ಒಂದು ಮೀನು ಭಗ್ನನೌಕೆಯ ಬಳಿ ಸಿಕ್ಕಿತೆಂದರೆ, ಅದನ್ನು ಸಾಕಿದ ಹಿರಿಮೆ ಹಡಗಿನದೋ ಅಳಿವೆಯದೋ? ಧಾರವಾಡ ಹುಬ್ಬಳ್ಳಿಗಳ ಕಡೆ ಹುಟ್ಟುವ ಬೇಡ್ತಿ ಹೊಳೆಯೇ ಗಂಗಾವಳಿಯೆಂಬ ಹೆಸರಿನಿಂದ ಗೋಕರ್ಣದ ಉತ್ತರಕ್ಕೆ ಕಡಲು ಸೇರುತ್ತದೆ. ಹಾನಗಲ್ಲ ಸವಣೂರುಗಳ ನೀರು ವರದೆಯ ಮೂಲಕ ತುಂಗಭದ್ರೆಗೆ ಸೇರಿ ಪೂರ್ವಸಮುದ್ರದ ದಾರಿ ಹಿಡಿದರೆ, ಅಲ್ಲಿಗೆ ಅನತಿದೂರದ ಬಯಲಿನ ನೀರು ಹೀಗೆ ಪಶ್ಚಿಮಕ್ಕೆ ಹರಿದು ಕೆಂಪು ಮೀನಿನ ತೊಟ್ಟಿಲನ್ನು ತುಂಬುತ್ತದೆ. ಅಳಿವೆಯ ಕಾಂಡ್ಲಾ ಗಿಡಗಳನ್ನು ಕಡಿದು ಹಾಕಿ, ಹೊರಗಡಲಿಗೆ ಕಾಂಕ್ರೀಟು ಇಳಿಸಿದರೆ ಈ ಜಾತಿಗೆ ಆಗುವ ಉಪಕಾರ ಅತ್ಯಲ್ಪ.

ಈ ಚರ್ಚೆಗೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಅಮೆರಿಕೆಯ ಜೇಮ್ಸ್ ಬೋನ್ಸ್ಯಾಕ್ ಮುಖ್ಯರು. ಕೃತಕ ದಿಬ್ಬಗಳ ಬಳಿ ಕಾಣುವ ಮೀನಿನ ದಟ್ಟಣೆಗೆ ತಾವಿನ ಅಭಾವ ಕಾರಣವೋ ಮೀನಿನ ನಡವಳಿಕೆಯ ಒಲವು ಕಾರಣವೋ ಎಂದು ೧೯೮೯ರಲ್ಲಿ ಅವರು ಪ್ರಶ್ನಿಸಿದರು. ಒಂದೇ ಜಾತಿಯಲ್ಲಿ ನೆಲೆಬಿಡದ ಸ್ವಭಾವವಿದ್ದು, ಸಹಜ ಬಂಡೆಗಳು ದೂರವಿದ್ದರೆ ಉತ್ಪತ್ತಿಯ ಸಂಭವ ಹೆಚ್ಚು, ಅಲೆಮಾರಿ ಜಾತಿಗಳಲ್ಲಿ ಆಕರ್ಷಣೆಯ ಸಂಭವ ಹೆಚ್ಚು ಎಂಬ ವಿವೇಚನೆ ಅವರದು. ೨೦೧೪ರಲ್ಲಿ ಕ್ಯಾಲಿಫೋರ್ನಿಯದ ತೈಲಬಾವಿಗಳ ಉಕ್ಕಿನ ಕಂಬಗಳನ್ನು ಪರೀಕ್ಷಿಸಿದ ಕ್ಲೇಸ್ ಮತ್ತು ಸಂಗಡಿಗರು, ತಳದ ಪ್ರತಿ ಚದರ ಮೀಟರಿಗೆ ಅಲ್ಲಿನ ಮೀನಿನ ಉತ್ಪತ್ತಿಯು ಅಲ್ಲಿಯವರೆಗೆ ಅಳೆಯಲಾಗಿದ್ದ ಕಡಲ ನೆಲೆಗಳಲ್ಲಿ ಅತ್ಯಧಿಕವಾದವುಗಳ ಸಾಲಿಗೆ ಸೇರುತ್ತದೆಂದು ಕಂಡರು. ತಳದಿಂದ ಮೇಲ್ಮೈಯವರೆಗೆ ಏರಿನಿಂತ ಕಂಬಗಳವು. ಮಗುಚಿ ಬಿದ್ದು ಅರ್ಧ ಹೂತ ಹಡಗಿಗೆ ಆ ಎಣಿಕೆಯನ್ನು ಹಾಗೆಯೇ ಅನ್ವಯಿಸುವುದು ಸಲ್ಲದು.

ನಮ್ಮ ಕಡಲಿನಲ್ಲಿ ಎತ್ತರಕ್ಕೆ ಇನ್ನೊಂದು ಅರ್ಥವೂ ಇದೆ. ನೈರುತ್ಯ ಮಾರುತದ ಕಾಲದಲ್ಲಿ ಆಳದ ತಣ್ಣನೆಯ, ಆಮ್ಲಜನಕ ಕಡಮೆಯಾದ ನೀರು ಭಾರತದ ಪಶ್ಚಿಮ ಖಂಡಾಂಚಲದ ಮೇಲೆ ಏರಿಬರುತ್ತದೆ. ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ತಳದ ನೀರಿನ ಆಮ್ಲಜನಕ ಬಹುಮಟ್ಟಿಗೆ ಕ್ಷಯಿಸುವುದನ್ನು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಕ್ವಿ ಮತ್ತು ಸಂಗಡಿಗರು ೨೦೦೦ದಲ್ಲಿ ಪ್ರಕಟಿಸಿದರು. ಆಗ ತಳಕ್ಕಂಟಿದ ಸಂದಿಗಳು ಉಸಿರುಗಟ್ಟುವ ಕೋಣೆಗಳಾಗುತ್ತವೆ. ನೆಟ್ಟಗೆ ನಿಂತ ಹಡಗಿನ ಮೇಲ್ಭಾಗ ಮಾತ್ರ ವಾಸಯೋಗ್ಯವಾಗಿ ಉಳಿದೀತು. ಬೇರೆ ದೇಶಗಳ ನಕ್ಷೆಯನ್ನು ನೋಡಿ ತಗ್ಗಾದ ಕಾಂಕ್ರೀಟು ಗೂಡುಗಳನ್ನು ಇಳಿಸುವವರು ಇದನ್ನು ಅವಶ್ಯವಾಗಿ ಪರಿಗಣಿಸಬೇಕು.

ಆಕರ್ಷಣೆಯ ಅಪಾಯವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕರಾವಳಿಯವರು ಕಪ್ಪೆಬೊಂಡಾಸ್ ಎನ್ನುವ ಕಟ್ಲ್‌ಫಿಶ್, ಮೊಟ್ಟೆಗಳನ್ನು ಗೊಂಚಲು ಗೊಂಚಲಾಗಿ ಅಂಟಿಸಲು ಗಟ್ಟಿಯಾದ ವಸ್ತುವನ್ನು ಅರಸುತ್ತದೆ. ಇದನ್ನರಿತ ಉತ್ತರ ಕನ್ನಡದ ಮೀನುಗಾರರು ತೆಂಗಿನ ಒಣ ಹಿಂಗಾರಗಳನ್ನು ಕಟ್ಟುಕಟ್ಟಿ, ಮರಳಿನ ಚೀಲದ ಭಾರದಿಂದ ಮುಳುಗಿಸಿ, ಅಲ್ಲಿಗೆ ಬಂದ ಪ್ರಾಣಿಗಳನ್ನು ಗಾಳದಿಂದ ಹಿಡಿಯುವ ಪದ್ಧತಿಯನ್ನು ರೂಢಿಸಿಕೊಂಡರು. ಖರ್ಚು ಕಡಮೆ, ಗಳಿಕೆ ಹೆಚ್ಚು. ಆದರೆ ಬರುವುದು ಮೊಟ್ಟೆಯಿಡಲು ಬಂದ ತಾಯಿಯೇ ಆದುದರಿಂದ, ಹಿಡಿದುದು ಮುಂದಿನ ವರ್ಷದ ಬೀಜವನ್ನು. ಈ ವಿಷಯವಾಗಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನ ಸಂಸ್ಥೆಯವರು ಎಚ್ಚರಿಕೆ ಕೊಟ್ಟಿರುವುದುಂಟು. ಮುರು ಮೀನಿನ ಸ್ಥಿತಿ ಇನ್ನೂ ಸೂಕ್ಷ್ಮ. ಅದು ಹೆಣ್ಣಾಗಿ ಪ್ರಾಯಕ್ಕೆ ಬಂದು, ದೊಡ್ಡದಾದ ಮೇಲೆ ಗಂಡಾಗಿ ಮಾರ್ಪಡುವ ಪ್ರಾಣಿ. ಒಂದು ಹಡಗಿನ ಬಳಿ ದೊಡ್ಡ ಮುರುಗಳನ್ನೆಲ್ಲ ಗಾಳಕ್ಕೆ ಸಿಕ್ಕಿಸಿದರೆ ಉಳಿಯುವುದು ಗಂಡಿಲ್ಲದ ಹಿಂಡು.

ಟ್ರಾಲ್ ಬಲೆಯ ದೋಣಿಗಳು ಮುಳುಗಿದ ಹಡಗಿನಿಂದ ದೂರ ಸರಿಯುತ್ತವೆ; ಬಲೆ ಸಿಕ್ಕಿಕೊಂಡರೆ ಆಗುವ ನಷ್ಟ ಅವರಿಗೆ ಗೊತ್ತು. ಹೀಗೆ ಯಾವ ಕಾನೂನೂ ಇಲ್ಲದೆ ಹಡಗು ತನ್ನ ಸುತ್ತಣ ತಳವನ್ನು ಕಾಯುತ್ತದೆ. ಕರ್ನಾಟಕದಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ಮೀನುಗಾರಿಕೆಗೆ ಇರುವ ನಿಷೇಧವು ಕಾಲದ ರಕ್ಷಣೆಯಾದರೆ, ಇದು ಸ್ಥಳದ ರಕ್ಷಣೆ. ಆದರೂ ತಪ್ಪಿಬಂದು ಸಿಕ್ಕಿ ಹರಿದ ನೈಲಾನ್ ಬಲೆಗಳು ಅಲ್ಲಿಯೇ ಜೋತುಬಿದ್ದು, ಒಡೆಯನಿಲ್ಲದೆಯೇ ವರ್ಷಗಟ್ಟಲೆ ಮೀನು ಹಿಡಿಯುತ್ತಿರುತ್ತವೆ.

ಹಡಗನ್ನು ಮುಳುಗಿಸಿದರೆ ಸಾಕು, ಉಳಿದುದನ್ನು ನಿಸರ್ಗ ನೋಡಿಕೊಳ್ಳುವುದೆಂಬ ಉತ್ಸಾಹಕ್ಕೂ ಕಡಿವಾಣ ಬೇಕು. ಫ್ಲಾರಿಡಾದ ಓಸ್ಬೋರ್ನ್ ದಿಬ್ಬವೆಂಬಲ್ಲಿ ೧೯೭೦ರ ದಶಕದಲ್ಲಿ ಇಳಿಸಿದ ಸುಮಾರು ೨೦ ಲಕ್ಷ ಹಳೆಯ ಟಾಯರುಗಳು ಕಟ್ಟು ಹರಿದುಕೊಂಡು ಸಹಜ ಹವಳಗಳ ಮೇಲೆ ಉರುಳಾಡಿದವು. ಅಲ್ಲಿಯೇ ೨೦೦೬ರಲ್ಲಿ ಒರಿಸ್ಕನಿ ಎಂಬ ವಿಮಾನವಾಹಕ ಹಡಗನ್ನು ಬೇಕೆಂದೇ ಮುಳುಗಿಸಿದಾಗ, ಅದರ ತಂತಿಹೊದಿಕೆಗಳಲ್ಲಿದ್ದ ವಿಷ ರಾಸಾಯನಿಕಗಳು ಅನಂತರ ಮೀನುಗಳ ಮಾಂಸದಲ್ಲಿ ಕಂಡುಬಂದವು. ಪೆಸಿಫಿಕ್ಕಿನ ಪಾಲ್ಮೈರಾ ಹವಳದ್ವೀಪದಲ್ಲಿ ೧೯೯೧ರಲ್ಲಿ ಕೆಟ್ಟುನಿಂತ ಮೀನುಗಾರಿಕೆಯ ಹಡಗಿನ ಸುತ್ತ ಹವಳವನ್ನು ಮುಚ್ಚಿಹಾಕುವ ಒಂದು ಜೀವಿಯು ಹಬ್ಬಿತು. ತುಕ್ಕಿನಿಂದ ಕರಗುವ ಕಬ್ಬಿಣವೇ ಅದಕ್ಕೆ ಗೊಬ್ಬರವಾಯಿತೆಂದು ಊಹಿಸಲಾಗಿದೆ. ೨೦೨೫ರ ಮೇ ತಿಂಗಳಿನಲ್ಲಿ ಕೇರಳದ ಕಡಲಿನಲ್ಲಿ ಮುಳುಗಿದ ಎಂಎಸ್‌ಸಿ ಎಲ್ಸಾ ೩ ಹಡಗಿನಿಂದ ಪ್ಲಾಸ್ಟಿಕ್ಕಿನ ಸಣ್ಣ ಗುಳಿಗೆಗಳು ದಂಡೆಗೆ ಬಂದು ಬಿದ್ದುದು ಎಲ್ಲರಿಗೂ ತಿಳಿದದ್ದೇ. ನೇತ್ರಾಣಿಯಂತಹ ವಿರಳ ಹವಳದ ತಾಣಗಳ ಹತ್ತಿರ ಹಳೆಯ ಹಡಗನ್ನು ಮುಳುಗಿಸುವ ಸಲಹೆ ಎಂದಾದರೂ ಬಂದರೆ ಅದನ್ನು ನಿರಾಕರಿಸಲು ಪಾಲ್ಮೈರಾದ ಉದಾಹರಣೆಯೊಂದೇ ಸಾಕು.

ಮೀನು ಬಂದದ್ದೋ ಬೆಳೆದದ್ದೋ ಎಂಬುದನ್ನು ನಿರ್ಣಯಿಸುವ ಸಾಧನ ಮೀನಿನ ತಲೆಯಲ್ಲಿಯೇ ಇದೆ. ಒಳಕಿವಿಯಲ್ಲಿ ಸಮತೋಲಕ್ಕೆ ನೆರವಾಗುವ ಸುಣ್ಣದ ಕಲ್ಲುಗಳು ದಿನಕ್ಕೊಂದು ಪದರದಂತೆ ಬೆಳೆಯುತ್ತವೆಂದು ೧೯೭೧ರಲ್ಲಿ ಪನ್ನೆಲ್ಲಾ ಎಂಬವರು ತೋರಿಸಿದರು. ಪದರಗಳನ್ನೆಣಿಸಿದರೆ ಮರಿಯ ವಯಸ್ಸು ದಿನಗಳಲ್ಲಿ ದೊರೆಯುತ್ತದೆ. ಪದರದಲ್ಲಿ ಸೇರಿದ ಸ್ಟ್ರಾನ್ಷಿಯಮ್ ಹಾಗೂ ಬೇರಿಯಮ್ ಧಾತುಗಳ ಪ್ರಮಾಣದಿಂದ, ಆ ಮೀನು ಅಳಿವೆಯ ಸಪ್ಪೆ ನೀರಿನಲ್ಲಿ ಎಷ್ಟು ಕಾಲ ಕಳೆಯಿತು, ಕಡಲಿನ ಉಪ್ಪುನೀರಿಗೆ ಎಂದು ಬಂದಿತು ಎಂಬುದನ್ನು ಓದಬಹುದು. ಹಡಗು ಮುಳುಗಿ ಎರಡು ವರ್ಷಗಳಾಗಿರುವಲ್ಲಿ ಐದು ವರ್ಷದ ಮುರು ಸಿಕ್ಕರೆ ಅದು ವಲಸೆಯದೆಂದು ಬೇರೆ ಸಾಕ್ಷಿ ಬೇಕಿಲ್ಲ. ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಂತಹ ಕೇಂದ್ರಗಳಿಗೆ ಇದು ಒಪ್ಪುವ ಕೆಲಸ. ಮುಳುಗಿ ಎಣಿಸುವ ಕ್ರಮವೂ ಜೊತೆಗಿರಬೇಕು: ಅಳತೆಯ ದಾರವನ್ನು ಹಾಸಿ, ಅದರ ಎರಡು ಮಗ್ಗುಲಿನ ಮೀನುಗಳನ್ನು ಜಾತಿ ಮತ್ತು ಉದ್ದವನ್ನು ಗುರುತಿಸಿ ಬರೆದುಕೊಳ್ಳುವುದು, ಹಡಗಿನ ಬಳಿ ಎಣಿಸಿದಂತೆಯೇ, ಅದು ಸೆಳೆದಿರಬಹುದಾದ ನೆರೆಯ ಸಹಜ ಬಂಡೆಗಳಲ್ಲಿಯೂ ಎಣಿಸುವುದು. ಎರಡನೆಯದನ್ನು ಬಿಟ್ಟರೆ ಮೊದಲನೆಯದಕ್ಕೆ ಬೆಲೆಯಿಲ್ಲ.

ಒಳನಾಡಿನ ಕಾಲೇಜುಗಳಲ್ಲಿ ಈ ವಿದ್ಯೆಯ ಮೊದಲ ಪಾಠವನ್ನು ಕೆರೆಯ ಮೀನಿನ ಮೇಲೆಯೇ ಕಲಿಸಬಹುದು. ರೋಹು, ಕಾಟ್ಲಾಗಳ ದೊಡ್ಡ ಕಿವಿಗಲ್ಲು ಸೂಜಿ‌ಯಂತೆ ತೆಳುವಾಗಿದ್ದು ಕೈಗೆ ಬರುವ ಮೊದಲೇ ಮುರಿಯುತ್ತದೆ. ಕೊರವ ಮೀನಿನದು ದಪ್ಪವಾಗಿದ್ದು ಸುಲಭವಾಗಿ ಸಿಗುತ್ತದೆ. ತಲೆಯನ್ನು ಸೀಳಿ ಕಲ್ಲನ್ನು ತೆಗೆದು, ತೊಳೆದು, ಗಾಜಿನ ಪಟ್ಟಿಗೆ ಅಂಟಿಸಿ, ನುಣುಪಾದ ಉಪ್ಪುಕಾಗದದ ಮೇಲೆ ನಡುವಿನ ಚುಕ್ಕೆ ಕಾಣುವವರೆಗೆ ನೀರು ಹಾಕಿ ತೇಯಬೇಕು. ಬೆರಳುದ್ದದ ಮರಿಗಳಿಂದ ಆರಂಭಿಸುವುದು ಒಳ್ಳೆಯದು. ದೊಡ್ಡ ಮೀನಿನಲ್ಲಿ ಹೊರ ಅಂಚಿನ ಪದರಗಳು ಒಂದರೊಳಗೊಂದು ಬೆರೆತಂತೆ ಕಾಣುತ್ತವೆ. ಎಣಿಕೆಯನ್ನು ಇಬ್ಬರು ವಿದ್ಯಾರ್ಥಿಗಳು ಬೇರೆಬೇರೆಯಾಗಿ, ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರಿಗೆ ತಿಳಿಸದೆ ಮಾಡಬೇಕು.